ಹದಿನೇಳು ಚೌಕ

ಹಾಲು ತಳ ಹಿಡಿದ ಪಾತ್ರೆಯನ್ನು ಬಚ್ಚಲ ಕಟ್ಟೆಯ ಮೇಲಿಟ್ಟುಕೊಂಡು ಅವಳು ಉಜ್ಜುತ್ತಿದ್ದಳು. ಮೊಣಕೈವರೆಗೆ ನೊರೆ. ಕರಿ ಇನ್ನೇನು ಬಿಟ್ಟೇಬಿಡುತ್ತದೆ ಅನ್ನುವಷ್ಟರಲ್ಲಿ ನಡುಮನೆಯಿಂದ ಅತ್ತೆ ಕರೆದರು.

"ಅಕ್ಕಾ, ಕೈ ತೊಳ್ಕೊಂಡು ಬಾ. ದಾರದ ಆ ತುದಿ ಹಿಡಿಯೋಕೆ ಯಾರೂ ಇಲ್ಲ."

ಅತ್ತೆ ತನ್ನನ್ನು ಅಕ್ಕ ಎನ್ನತೊಡಗಿ ವರ್ಷ ಕಳೆದಿತ್ತು. ಮೊದಮೊದಲು ಅವಳು ತಿದ್ದುತ್ತಿದ್ದಳು. "ನಾನು ನಿಮ್ಮ ಸೊಸೆ ಅತ್ತೆ, ಅಕ್ಕ ಅಲ್ಲ." ಅತ್ತೆ ಅವಳನ್ನು ಕಾಲಿಂದ ತಲೆವರೆಗೆ ನೋಡಿ, "ಹಾಗಾದ್ರೆ ನಮ್ಮಕ್ಕ ಎಲ್ಲಿ ಕೂತು ಹರಟೆ ಹೊಡೀತಿದಾಳೋ" ಎಂದು ಉಸಿರು ಬಿಡುತ್ತಿದ್ದರು. ಆಮೇಲೆ ತಿದ್ದುವುದನ್ನು ಬಿಟ್ಟಳು. ಅಕ್ಕ ಅಂದರೆ ಅಕ್ಕ. ಕರೆದಾಗ ಓಗೊಟ್ಟರೆ ಮುದುಕಿ ನಾಲ್ಕು ತುತ್ತು ಹೆಚ್ಚು ಉಣ್ಣುತ್ತಿದ್ದರು, ಅಷ್ಟು ಸಾಕು.

ಈಗ ಅವಳ ಕೈ ನಿಂತದ್ದು ಅಕ್ಕ ಅಂದದ್ದಕ್ಕಲ್ಲ, ದಾರ ಅಂದದ್ದಕ್ಕೆ.

ನಡುಮನೆಯ ನೆಲದ ತುಂಬ ಬಿಳಿ ಬಟ್ಟೆ ಹಾಸಿತ್ತು. ನಾಲ್ಕು ಮೂಲೆಗೆ ಹಿಟ್ಟಿನ ಡಬ್ಬಿ, ಇಸ್ತ್ರಿ ಪೆಟ್ಟಿಗೆ, ಗಂಡನ ಹಳೇ ಬೂಟು, ಒಂದು ಒರಳುಗುಂಡು. ಅತ್ತೆ ಬಟ್ಟೆಯ ತುದಿಯಲ್ಲಿ ಮಂಡಿಯೂರಿ ಕೂತಿದ್ದರು. ಮಡಿಲಲ್ಲಿ ನೀಲಿ ಪುಡಿಯ ತಗಡಿನ ಡಬ್ಬಿ. ಅದನ್ನು ಅವಳೇ ಕೈಯಾರೆ ಬೀರುವಿನ ನೆತ್ತಿಯ ಮೇಲೆ, ಸೂಟ್‌ಕೇಸಿನ ಹಿಂದೆ ಎತ್ತಿಟ್ಟಿದ್ದಳು. ಸ್ಟೂಲು ಹತ್ತುವುದಿರಲಿ, ಹೊಸಿಲು ದಾಟುವಾಗಲೂ ಗೋಡೆ ಹಿಡಿಯುವ ಜೀವ ಅದನ್ನು ಇಳಿಸಿದ್ದು ಹೇಗೆ? ಕೇಳುವಷ್ಟರಲ್ಲಿ ದಾರದ ತುದಿ ಅವಳ ಒದ್ದೆ ಕೈಗೆ ಬಂದಿತ್ತು.

ಈ ಮನೆಯಲ್ಲಿ ಕೌದಿ ಹೊಲಿಯುವುದು ಅತ್ತೆಯಿಂದ ಅವಳಿಗೆ ಬಂದ ಕೆಲಸ. ಅಳತೆ ಹಾಕುವುದು, ಗೆರೆ ಎಳೆಯುವುದು ಅತ್ತೆಯದು. ಸೂಜಿ ಅವಳದು. ನೀಲಿ ಪುಡಿಯಲ್ಲಿ ಹೊರಳಿಸಿದ ದಾರವನ್ನು ಇಬ್ಬರು ಎರಡು ಕಡೆ ಬಿಗಿಯಾಗಿ ಹಿಡಿಯಬೇಕು. ಅತ್ತೆ ದಾರವನ್ನು ಚಿವುಟಿ ಎತ್ತಿ ಬಿಟ್ಟರೆ ಟಪ್ಪೆಂದು ಬಟ್ಟೆಗೆ ಬಡಿದು ಕೂದಲಿನಷ್ಟು ಸಣ್ಣ ನೀಲಿ ಗೆರೆ ಮೂಡುತ್ತಿತ್ತು. ಆಮೇಲೆ ನಾಲ್ಕು ಬೆರಳು ಇಟ್ಟು ಮುಂದಿನ ಗೆರೆ. ಅಡ್ಡ ಗೆರೆ, ಉದ್ದ ಗೆರೆ, ನಡುವೆ ಚೌಕಗಳು. ಬಟ್ಟೆಯ ಅಗಲ ಎಲ್ಲರಿಗೂ ಒಂದೇ, ಹದಿನಾರು ಚೌಕ. ಉದ್ದ ಮಾತ್ರ ಅವರವರದು. ಹೊದೆಯುವವರನ್ನು ಇದೇ ನೆಲದ ಮೇಲೆ ಮಲಗಿಸಿ, ನೆತ್ತಿಯಿಂದ ಹಿಮ್ಮಡಿವರೆಗೆ ನಾಲ್ಕು ನಾಲ್ಕು ಬೆರಳು ಅಳೆದು ಗೆರೆ ಹಾಕುತ್ತಿದ್ದರು. ಒಬ್ಬ ದಪ್ಪನೆಯ ಕಂಟ್ರಾಕ್ಟರು ಮಲಗಿದಲ್ಲಿಂದ ಏಳಲಾರದೆ, "ಅಮ್ಮಾ, ನನ್ನ ಉದ್ದ ಬಿಡಿ, ಅಗಲ ಅಳೀರಿ" ಎಂದಿದ್ದ.

ಮೊದಲ ಗೆರೆ ಬೀಳುವಾಗ ಅತ್ತೆ ಯಾರಿಗೆಂದು ಬಾಯಿಬಿಟ್ಟು ಹೇಳುತ್ತಿದ್ದರು. ಇದು ಕಂಟ್ರಾಕ್ಟರಿಗೆ. ಇದು ಮೇಷ್ಟರ ಬಾಣಂತಿ ಮಗಳಿಗೆ. ಹೇಳದೆ ಎಳೆದ ಗೆರೆ ನೆಟ್ಟಗೆ ಕೂರುವುದಿಲ್ಲ ಎನ್ನುವುದು ಅವರ ನಂಬಿಕೆ.

ಈಗ ದಾರ ಟಪ್ಪೆಂದಿತು. ಅತ್ತೆ ಏನೂ ಹೇಳಲಿಲ್ಲ.

ಲೋಟ ಹಿಡಿದರೆ ಅರ್ಧ ನೀರು ಚೆಲ್ಲುವ ಕೈ ಅದು. ದಾರದ ಮೇಲೆ ಒಮ್ಮೆಯೂ ನಡುಗಲಿಲ್ಲ. ಟಪ್, ನಾಲ್ಕು ಬೆರಳು, ಟಪ್, ನಾಲ್ಕು ಬೆರಳು. ಅವಳು ಎಣಿಸಬಾರದೆಂದುಕೊಂಡೇ ಎಣಿಸಿದಳು. ಹದಿನೇಳು ಚೌಕಕ್ಕೆ ಅತ್ತೆ ದಾರ ಕೆಳಗಿಟ್ಟರು. ಬೆರಳ ತುದಿಯನ್ನು ನೀಲಿಗೆ ಅದ್ದಿ ಅಂಚಿನುದ್ದಕ್ಕೂ ಚುಕ್ಕಿ ಇಡತೊಡಗಿದರು. ಚುಕ್ಕಿ ಇದ್ದ ಸಾಲಿನ ಮೊದಲ ಹೊಲಿಗೆಯನ್ನು ಸೂಜಿ ಮೇಲಿನಿಂದ ಹಿಡಿಯಬೇಕು, ಇಲ್ಲದ್ದನ್ನು ಕೆಳಗಿನಿಂದ. ಅಷ್ಟು ಪಾಲಿಸಿದರೆ ಚಿತ್ತಾರ ತನ್ನಷ್ಟಕ್ಕೆ ತಾನೇ ಬರುತ್ತಿತ್ತು.

ಹದಿನೇಳು ದೊಡ್ಡವರ ಅಳತೆಯಲ್ಲ. ಯಾರಿಗೆ ಅತ್ತೆ, ಎಂದು ಕೇಳಲು ಅವಳಿಗೆ ಧೈರ್ಯ ಬರಲಿಲ್ಲ. ಎದ್ದು ಹೋಗಿ ಪಾತ್ರೆಯ ಮುಂದೆ ಕೂತಳು. ನೊರೆ ಒಣಗಿತ್ತು.

ಹೇಳದೆ ಎಳೆದ ಗೆರೆ ಇದಕ್ಕೆ ಮುಂಚೆ ಎರಡು ಸಲ ಬಿದ್ದಿತ್ತು.

ಮೊದಲನೆಯದು ಅವಳು ಮದುವೆಯಾಗಿ ಬಂದ ವರ್ಷ, ಇಪ್ಪತ್ತೈದು ಚೌಕ. ಮಾವ ಎತ್ತರದ ಆಳು, ಅಂಗಡಿಗಳಿಗೆ ಬೋರ್ಡು ಬರೆಯುತ್ತಿದ್ದರು. "ಏನೇ, ಹೊಸ ಸೊಸೆ ಬಂದಳು ಅಂತ ನನಗೆ ಹೊಸ ಕೌದಿಯೋ?" ಎಂದು ನಗೆಯಾಡಿದ್ದರು. ಕೌದಿ ಮುಗಿದ ಎಂಟನೇ ದಿನ ಏಣಿಯ ಮೇಲಿಂದ ಬಿದ್ದರು. ಎರಡನೆಯದು ನಾಲ್ಕು ವರ್ಷದ ಹಿಂದೆ, ಇಪ್ಪತ್ತೆರಡು ಚೌಕ. ಅವಳ ನಾದಿನಿಗೆ ಜ್ವರ ಬಂದದ್ದು ಕೊನೇ ಸಾಲು ಹಾಕಿದ ದಿನ. ಒಂಬತ್ತು ದಿನ ಅಷ್ಟೆ. ಮೊದಲ ಒಗೆತಕ್ಕೆ ಹೋಗಿಬಿಡುವ ನೀಲಿ ಗೆರೆಗಳು ಆ ಎರಡರ ಮೇಲೆ ಹಾಗೇ ಇದ್ದವು. ಒಗೆಯಲು ಸಮಯವಾಗಲಿಲ್ಲ. ಅವರ ಜೊತೆಗೇ ಹೋದವು.

ಆಗ ಇದನ್ನೆಲ್ಲ ಯಾರೂ ಜೋಡಿಸಿ ನೋಡಿರಲಿಲ್ಲ. ಜೋಡಿಸಿದ್ದರೂ ಬಾಯಿಬಿಟ್ಟಿರಲಿಲ್ಲ.

ಮಧ್ಯಾಹ್ನ ಮಗಳು ಸ್ಕೂಲಿನಿಂದ ಬಂದು ಉಂಡು ಮಲಗಿದಳು. ಮಗಳಿಗೆ ಏಳು ವರ್ಷ. ಹುಟ್ಟಿದಾಗ ದಾರದ ಉಂಡೆಯ ಹಾಗಿದ್ದಾಳೆಂದು ಅಜ್ಜಿ ಉಂಡೆ ಎಂದು ಕರೆದಿದ್ದರು. ಈಗ ಕಡ್ಡಿಯಂತಾಗಿದ್ದರೂ ಹೆಸರು ಹಾಗೇ ಉಳಿದಿತ್ತು. ಅವಳು ಮಗಳ ಪಕ್ಕ ಕೂತು, ಉಸಿರು ನಿಧಾನವಾಗುವವರೆಗೆ ಕಾದು, ಒಂದು ಎಳೆ ದಾರವನ್ನು ನೆತ್ತಿಯಿಂದ ಹಿಮ್ಮಡಿವರೆಗೆ ಹಿಡಿದಳು. ನಡುಮನೆಗೆ ಬಂದು ಆ ದಾರವನ್ನು ಬಟ್ಟೆಯ ಮೇಲಿಟ್ಟಳು. ಅದು ಮೊದಲ ಗೆರೆಯಲ್ಲಿ ಶುರುವಾಗಿ ಕೊನೆಯ ಗೆರೆಯ ಮೇಲೆ ನಿಂತಿತು. ಒಂದು ಕೂದಲೆಳೆಯೂ ಹೆಚ್ಚಿಲ್ಲ, ಕಡಿಮೆಯಿಲ್ಲ.

ಹಿಂದಿನಿಂದ ಮಗಳ ದನಿ ಬಂತು. "ನನಗೆ ಫ್ರಾಕ್ ಹೊಲೀತೀಯಾ ಅಮ್ಮ?"

ಬಾಗಿಲಲ್ಲಿ ನಿಂತಿದ್ದಳು, ಕಣ್ಣಲ್ಲಿ ನಿದ್ದೆಯ ಸುಳಿವೇ ಇಲ್ಲ.

"ಹೂಂ" ಎಂದಳು ಅವಳು. "ಹಬೆಯಾಡೋ ಹಾಲು ಕೊಡ್ತೀನಿ, ಕುಡಿ ಬಾ."

"ಮಧ್ಯಾಹ್ನ ಯಾರು ಹಾಲು ಕುಡೀತಾರೆ?"

"ನೀನು ಕುಡೀತೀಯ."

ಗಂಡ ಬಸ್ ಕಂಡಕ್ಟರು. ಬೆಳಗಿನ ಪಾಳಿ ಮುಗಿಸಿ ಮೂರಕ್ಕೆ ಬಂದವನು ಚಪ್ಪಲಿ ಬಿಡುತ್ತಲೇ ಬಟ್ಟೆ ನೋಡಿದ. ನೋಡದವನ ಹಾಗೆ ಗೋಡೆಯ ಬದಿಗೆ ದಾಟಿ ಬಂದ. ಅತ್ತೆ ತಲೆ ಎತ್ತಿ, "ಕಂಡಕ್ಟರೇ, ನನ್ನ ಮಗ ಯಾವ ಬಸ್ಸಲ್ಲಿದಾನೆ?" ಎಂದರು. ದಿನವೂ ಕೇಳುವ ಮಾತು. "ಮುಂದಿನ ಬಸ್ಸಲ್ಲಿ ಬರ್ತಿದಾನೆ ತಾಯಿ. ಅಷ್ಟರಲ್ಲಿ ನೀವು ಊಟ ಮುಗಿಸಿ, ಇಲ್ಲಾಂದ್ರೆ ನನ್ನ ಬೈತಾನೆ" ಎಂದು ಅವನೂ ದಿನದಂತೆಯೇ ಹೇಳಿದ. ಆದರೆ ತಟ್ಟೆಯ ಮುಂದೆ ಕೂತಾಗ ಅನ್ನ ಕಲಸುತ್ತ ಕಲಸುತ್ತ ಕೈ ಅಲ್ಲೇ ಉಳಿಯಿತು.

"ಎಷ್ಟು?" ಎಂದ.

"ಹದಿನೇಳು."

"ಆರ್ಡರ್ ಇರಬೇಕು."

"ಒಂದು ವರ್ಷದಿಂದ ಆರ್ಡರ್ ತಗೊಂಡಿದೀವಾ ರೀ?"

"ಹಳೇದು ಯಾವುದೋ ನೆನಪಾಗಿರಬೇಕು ಬಿಡು. ಅಮ್ಮನ ತಲೆ ಈಗ ಸಂತೆ. ಯಾರು ಬಂದರು, ಯಾರು ಹೋದರು, ಯಾವುದಕ್ಕೆ ಲೆಕ್ಕ?" ಎಂದವನು, ತಟ್ಟೆಯಿಂದ ತಲೆ ಎತ್ತದೆ, "ಹೊಲೀಬೇಡ. ಮಡಚಿ ಎತ್ತಿಡು" ಎಂದ.

ಅವಳು ಎತ್ತಿಟ್ಟಳು ಕೂಡ. ಅತ್ತೆ ಅವತ್ತು ಉಣ್ಣಲಿಲ್ಲ. ಮರುದಿನವೂ ಉಣ್ಣಲಿಲ್ಲ. ಬಟ್ಟೆ ಹಾಸಿದ್ದ ಜಾಗದಲ್ಲಿ ಕೂತು ಬರಿ ನೆಲದ ಮೇಲೆ ನಾಲ್ಕು ಬೆರಳು, ನಾಲ್ಕು ಬೆರಳು ಇಡುತ್ತ ಹೋದರು. ಮೂರನೇ ದಿನ ಸಂಜೆ ತುಟಿ ಒಣಗಿ ಬಿರಿದಿರುವುದನ್ನು ನೋಡಿ ಅವಳಿಗೆ ತಡೆಯಲಾಗಲಿಲ್ಲ. ಹಳೆಯ ಮೆತ್ತನೆಯ ಸೀರೆಗಳನ್ನು ನಡುವೆ ಹಾಸಿ, ಕೆಳಗೊಂದು ಹಳೇ ಬೆಡ್‌ಶೀಟು ಕೊಟ್ಟು, ಮೇಲೆ ಆ ಗೆರೆ ಬಿದ್ದ ಬಿಳಿ ಬಟ್ಟೆ ಹೊದಿಸಿ, ಕೆಂಪು ದಾರ ಪೋಣಿಸಿದಳು. ಮೊದಲ ಹೊಲಿಗೆ ಬೀಳುತ್ತಲೇ ಅತ್ತೆ, "ಹಸಿವು ಅಕ್ಕ" ಎಂದರು.

ಇನ್ನೇನು ದಾರಿ? ನಿಧಾನ ಮಾಡುವುದೊಂದೇ. ದಿನಕ್ಕೆ ಒಂದೇ ಚೌಕದ ಪಟ್ಟಿ, ಅಂದರೆ ನಾಲ್ಕು ಸಾಲು. ಅಷ್ಟಕ್ಕೆ ಸೂಜಿ ಸಿಕ್ಕಿಸಿ ಎದ್ದುಬಿಡುತ್ತಿದ್ದಳು. ಉಳಿದ ಹೊತ್ತೆಲ್ಲ ಕಣ್ಣು ಮಗಳ ಮೇಲೆ. ಮೊಟ್ಟೆ ಬೇಯಿಸಿ ಕೊಟ್ಟಳು, ಬಾವಿ ಕಟ್ಟೆ ಹತ್ತಬೇಡ ಎಂದಳು, ಸ್ಕೂಲಿನವರೆಗೆ ಕೈ ಹಿಡಿದೇ ಹೋದಳು. ಒಂದು ದಿನ ಮಗಳು ಎರಡು ಸಲ ಸೀನಿದ್ದಕ್ಕೆ ಎದುರುಮನೆಯ ನರ್ಸಮ್ಮನ ಬಳಿ ಓಡಿದಳು.

ನರ್ಸಮ್ಮ ನಾಲಿಗೆ ನೋಡಿದರು, ಕಣ್ಣ ರೆಪ್ಪೆ ಎಳೆದು ನೋಡಿದರು, ಎದೆಗೆ ಕಿವಿಗೊಟ್ಟರು. "ಕುದುರೆ ಹಾಗಿದಾಳೆ ಕಣೇ ಇವಳು. ಗ್ಲೂಕೋಸ್ ಹಾಕಬೇಕಾಗಿರೋದು ನಿನಗೆ. ಕನ್ನಡೀಲಿ ಮುಖ ನೋಡ್ಕೊಂಡು ಎಷ್ಟು ದಿನ ಆಯ್ತು?"

ಉಂಡೆ ಮಂಚದ ಮೇಲೆ ಕಾಲಾಡಿಸುತ್ತ, "ನರ್ಸಮ್ಮ, ಮಕ್ಕಳು ಸಾಯ್ತಾರಾ?" ಎಂದಳು.

"ಪ್ರಶ್ನೆ ಕೇಳ್ತಾ ಇರೋ ಮಕ್ಕಳು ಸಾಯಲ್ಲ" ಎಂದು ನರ್ಸಮ್ಮ ನಕ್ಕರು.

ಮಗಳಿಗೆ ಪ್ರಶ್ನೆಗಳಿಗೇನೂ ಬರವಿರಲಿಲ್ಲ. ಕೌದಿಯ ಅಂಚಿಗೆ ಮೊಣಕೈ ಊರಿ ಮಲಗಿ ಕೇಳುತ್ತ ಹೋಗುವಳು. ಗೆರೆ ನೀಲಿಯೇ ಯಾಕೆ? ತಾತನ ಕೌದಿಯಲ್ಲಿ ಎಷ್ಟು ಚೌಕ ಇತ್ತು? ಸತ್ತುಹೋದ ಸೋದರತ್ತೆಯ ಕೌದಿ ಈಗ ಎಲ್ಲಿದೆ? ಮಣ್ಣಿನೊಳಗೆ ಬಟ್ಟೆಗೆ ಚಳಿ ಆಗಲ್ವಾ? ಎಲ್ಲ ಪ್ರಶ್ನೆಯೂ ಒಂದರ ಸುತ್ತಲೇ ತಿರುಗುತ್ತಿತ್ತು. ಆ ಒಂದನ್ನು ಮಾತ್ರ ಅವಳು ಕೇಳುತ್ತಿರಲಿಲ್ಲ. ತಾಯಿ ಪ್ರತಿ ಸಲವೂ ಸೂಜಿಯ ಕಡೆ ಮುಖ ಬಗ್ಗಿಸಿ, ಈಗ ಕೇಳುತ್ತಾಳೆ, ಈಗ ಕೇಳುತ್ತಾಳೆ ಎಂದು ಬೆನ್ನು ಬಿಗಿ ಹಿಡಿದಿರುತ್ತಿದ್ದಳು.

ಒಂಬತ್ತನೇ ಪಟ್ಟಿ ಮುಗಿದ ದಿನ ಅವಳಿಗೊಂದು ಯೋಚನೆ ಬಂತು. ಹದಿನೇಳು ಇರುವುದರಿಂದ ತಾನೇ ಈ ಸಂಕಟ? ಹದಿನೆಂಟು ಮಾಡಿದರೆ? ಅದು ಮಗಳ ಅಳತೆಯಾಗಿ ಉಳಿಯುವುದಿಲ್ಲ. ಅತ್ತೆ ಹಿತ್ತಿಲಲ್ಲಿ ಬಿಸಿಲಿಗೆ ಮೈ ಕಾಯಿಸಿಕೊಳ್ಳುತ್ತಿದ್ದಾಗ ದಾರದ ಒಂದು ತುದಿಯನ್ನು ಕಿಟಕಿಯ ಸರಳಿಗೆ ಕಟ್ಟಿ, ಇನ್ನೊಂದನ್ನು ಎಳೆದು ಹಿಡಿದು, ಕೊನೆಯ ಗೆರೆಯಾಚೆ ನಾಲ್ಕು ಬೆರಳಿಗೆ ಇನ್ನೊಂದು ಗೆರೆ ಹೊಡೆದಳು. ಅವತ್ತು ಹೊಟ್ಟೆ ತುಂಬ ಉಂಡಳು.

ಬೆಳಗ್ಗೆ ನೋಡಿದರೆ ಹದಿನೆಂಟನೇ ಚೌಕದ ಗೆರೆ ಇರಲಿಲ್ಲ. ಆ ಜಾಗದಲ್ಲಿ ಬಟ್ಟೆ ಒದ್ದೆಯಾಗಿತ್ತು, ತಣ್ಣಗಿತ್ತು. ಯಾರೋ ಈಗಷ್ಟೇ ಕೈಯೆತ್ತಿ ಎದ್ದುಹೋದ ಹಾಗೆ. ಅತ್ತೆ ತಮ್ಮ ಹಾಸಿಗೆಯಲ್ಲಿ ಗೋಡೆ ಕಡೆ ತಿರುಗಿ ಮಲಗಿದ್ದರು.

ಅವಳು ಹಟ ಬಿಡಲಿಲ್ಲ. ಗೆರೆ ಬೇಡ, ಹೊಲಿಗೆಯನ್ನೇ ಕೆಡಿಸಿದರಾಯಿತು. ಚುಕ್ಕಿ ಇರುವ ಸಾಲನ್ನು ಬೇಕೆಂದೇ ಕೆಳಗಿನಿಂದ ಹಿಡಿದಳು. ಅಡ್ಡ ಸಾಲುಗಳಲ್ಲಿ ತಪ್ಪು ಯಾರ ಕಣ್ಣಿಗೂ ಬೀಳುವುದಿಲ್ಲ. ಉದ್ದ ಸಾಲು ಬಂದು ಕೂಡಿಕೊಂಡಾಗಲೇ ಚಿತ್ತಾರ ಎಲ್ಲಿ ಹರಿಯಿತೆಂದು ತಿಳಿಯುವುದು. ಅಷ್ಟು ಹೊತ್ತಿಗೆ ಕೌದಿ ಕೆಟ್ಟಿರುತ್ತದೆ, ಕೆಟ್ಟ ಕೌದಿ ಯಾರದೂ ಅಲ್ಲ. ಹೀಗೆ ಲೆಕ್ಕ ಹಾಕಿಕೊಂಡು ನಾಲ್ಕು ಸಾಲನ್ನೂ ತಿರುವುಮುರುವು ಹಾಕಿ ಎದ್ದಳು.

ಮರುದಿನ ಆ ನಾಲ್ಕೂ ಸಾಲು ಸರಿಯಾಗಿದ್ದವು. ಹಳೇ ಹೊಲಿಗೆಯ ತೂತುಗಳು ಬಟ್ಟೆಯಲ್ಲಿ ಹಾಗೇ ಕಾಣುತ್ತಿದ್ದವು. ಅವುಗಳ ಪಕ್ಕದಲ್ಲೇ ಕೆಂಪು ದಾರ ಹೊಸದಾಗಿ ಓಡಿತ್ತು. ಚುಕ್ಕಿ ಇದ್ದಲ್ಲಿ ಮೇಲಿನಿಂದ, ಇಲ್ಲದಲ್ಲಿ ಕೆಳಗಿನಿಂದ. ಬಿಗಿಯಾದ, ಚಿಕ್ಕ ಹೊಲಿಗೆ. ತನ್ನದಲ್ಲ. ಅತ್ತೆಯ ಕೈಗೆ ಸೂಜಿ ನಿಲ್ಲುವುದು ತಪ್ಪಿ ಎರಡು ವರ್ಷವಾಗಿತ್ತು. ಅವಳಿಗೆ ಕತ್ತಿನ ಹಿಂದೆ ಯಾರೋ ಉಸಿರು ಬಿಟ್ಟಂತಾಯಿತು. ತಿರುಗಿ ನೋಡಿದರೆ ತೆರೆದ ಬಾಗಿಲು, ಖಾಲಿ ಓಣಿ, ಹಾಲಿನವನ ಸೈಕಲ್ಲು.

ಆದರೂ ಅವಳು ಮತ್ತೊಂದು ಪಟ್ಟಿಯನ್ನು ಹಾಗೇ ಕೆಡಿಸಿದಳು. ಅದರ ಮರುದಿನ ಬೆಳಗ್ಗೆ ಓಣಿಯ ನಲ್ಲಿಯಲ್ಲಿ ನೀರು ಬರಲಿಲ್ಲ. ಖಾಲಿ ಬಿಂದಿಗೆ ಹೊತ್ತು ಹೋದವಳು ಹಾಗೇ ಹಿಂದಿರುಗಿದಳು. ದಿನಕ್ಕಿಂತ ಅರ್ಧ ಗಂಟೆ ಮೊದಲು. ನಡುಮನೆಯಲ್ಲಿ ಅಜ್ಜಿ ಮೊಮ್ಮಗಳು ಮೈಗೆ ಮೈ ತಾಗಿಸಿ ಕೂತಿದ್ದರು. ಉಂಡೆ ಕೌದಿಯ ಮೇಲೆ ಬಗ್ಗಿದ್ದಳು, ತುಟಿಯ ಮೂಲೆಯಲ್ಲಿ ನಾಲಿಗೆ ತುದಿ ಕಚ್ಚಿಕೊಂಡು. ಅವಳ ಬೆರಳಲ್ಲಿ ಸೂಜಿ. ಅಜ್ಜಿ ಕಣ್ಣು ಮುಚ್ಚಿಕೊಂಡೇ ಹೇಳುತ್ತಿದ್ದರು, "ಮೇಲೆ. ಕೆಳಗೆ. ಮೇಲೆ. ಕೆಳಗೆ."

ಬಿಂದಿಗೆ ಅವಳ ಸೊಂಟದಿಂದ ಜಾರಿ ಠಣ್ಣೆಂದಿತು.

"ಏನೇ ಮಾಡ್ತಿದೀಯಾ?"

"ತಪ್ಪಾಗಿತ್ತು ಅಮ್ಮ, ಅದಕ್ಕೇ ಬಿಚ್ಚಿ ಹಾಕ್ತಿದೀನಿ. ನೀನು ಬೈಕೋತೀಯಾ ಅಂತ ಹೇಳ್ಲಿಲ್ಲ."

"ಗೆರೆ ಒರೆಸಿದ್ದು?"

"ನಾನೇ. ಅಜ್ಜಿ ಹೇಳಿದ್ರು, ಹದಿನೇಳೇ ಅಂತ." ಆಮೇಲೆ ಸ್ವಲ್ಪ ಹೆಮ್ಮೆಯಿಂದಲೇ, "ನೀಲಿ ಡಬ್ಬಿ ಇಳಿಸಿಕೊಟ್ಟಿದ್ದೂ ನಾನೇ" ಎಂದಳು.

ಅವಳು ಸೂಜಿ ಕಿತ್ತುಕೊಂಡಳು. ಮಗಳ ಬೆರಳುಗಳನ್ನು ತಿರುಗಿಸಿ ತಿರುಗಿಸಿ ನೋಡಿದಳು. ತೋರುಬೆರಳ ತುದಿಯಲ್ಲಿ ಸಾಸಿವೆ ಕಾಳಿನಂಥ ಕೆಂಪು ಚುಕ್ಕಿಗಳು. ತನ್ನ ಮಗು, ತನ್ನದೇ ಅಳತೆಯ ಬಟ್ಟೆಗೆ, ಬೆಳಬೆಳಗ್ಗೆ ಎದ್ದು ಕೂತು. ಅವಳಿಗೆ ಅಳು ಬರಲಿಲ್ಲ, ಸಿಟ್ಟು ಬಂತು. "ಅತ್ತೆ! ಏನು ಮಾಡಿಸ್ತಿದೀರಿ ಮಗೂ ಕೈಲಿ?" ಎಂದಳು, ಈ ಮನೆಗೆ ಬಂದಮೇಲೆ ಎಂದೂ ಎತ್ತದಷ್ಟು ದನಿ ಎತ್ತಿ.

ಅತ್ತೆ ಕಣ್ಣು ತೆರೆದರು. ಆ ಹೊತ್ತು ಅವರ ಕಣ್ಣು ತಿಳಿಯಾಗಿತ್ತು. "ಸೊಸೆ ಕಣೇ ನೀನು" ಎಂದರು, ಈಗ ತಾನೇ ಗುರುತು ಸಿಕ್ಕಂತೆ. "ಕೈ ನಿಧಾನ ನಿಂದು. ಹೊತ್ತಿಲ್ಲ."

ಮತ್ತೆ ಮಬ್ಬು ಇಳಿಯಿತು. ಮುಂದೆ ಏನು ಕೇಳಿದರೂ, "ಅಕ್ಕ, ನೀರು ಬಂತಾ?" ಎಂದಷ್ಟೇ ಅಂದರು.

ಅಡ್ಡ ಸಾಲುಗಳು ಹೇಗೋ ಮುಗಿದವು. ಮಗಳನ್ನು ಕೌದಿಯ ಹತ್ತಿರ ಬಿಡುತ್ತಿರಲಿಲ್ಲ. ಎದ್ದಾಗೆಲ್ಲ ಅದನ್ನು ಸುತ್ತಿ ಕಂಕುಳಲ್ಲಿಟ್ಟುಕೊಂಡೇ ಓಡಾಡುತ್ತಿದ್ದಳು. ಒಲೆಯ ಮುಂದೆ, ಬಚ್ಚಲಿಗೆ, ಬಟ್ಟೆ ಒಣಹಾಕಲು. ಗಂಡ ಒಮ್ಮೆ, "ಕೈಕೂಸು ಹೊತ್ತ ಹಾಗಿದೆಯಲ್ಲೇ" ಎಂದು ತಮಾಷೆ ಮಾಡಲು ಹೋಗಿ ಅರ್ಧಕ್ಕೇ ಬಿಟ್ಟ.

ಉದ್ದ ಸಾಲು ಶುರು ಮಾಡಬೇಕಾಗಿದ್ದ ಬೆಳಗ್ಗೆ ಚಳಿ ಇತ್ತು. ಕಸ ಗುಡಿಸುತ್ತ ಬಂದವಳು ಅತ್ತೆಯನ್ನು ನೋಡಿದಳು. ಹಾಸಿಗೆ ಬಿಟ್ಟು ನಡುಮನೆಯ ಬರಿ ನೆಲದ ಮೇಲೆ ಮಲಗಿಬಿಟ್ಟಿದ್ದರು, ಮೊಣಕಾಲು ಎದೆಗೆ ಮಡಚಿ, ಎರಡು ಕೈ ಕೆನ್ನೆಯಡಿ ಇಟ್ಟುಕೊಂಡು. ಹಿಮ್ಮಡಿ ತಣ್ಣಗೆ ಬೆಳ್ಳಗಾಗಿತ್ತು. ಹೊದಿಕೆ ತರಲು ಒಳಗೆ ಹೋಗುವಷ್ಟು ವ್ಯವಧಾನವೂ ಇಲ್ಲದೆ ಕಂಕುಳಲ್ಲಿದ್ದದ್ದನ್ನೇ ಬಿಡಿಸಿ ಹೊದಿಸಿದಳು. ಮೇಲಂಚನ್ನು ನೆತ್ತಿಯವರೆಗೆ ಎಳೆದಳು. ಕೆಳಗೆ ಹೋಗಿ ಕಾಲು ಮುಚ್ಚಬೇಕೆಂದು ಬಗ್ಗಿದರೆ ಮುಚ್ಚಲು ಏನೂ ಉಳಿದಿರಲಿಲ್ಲ. ಕೊನೆಯ ನೀಲಿ ಗೆರೆ ಸರಿಯಾಗಿ ಹಿಮ್ಮಡಿಯ ಕೆಳಗೆ ಬಂದು ಕೂತಿತ್ತು.

ಅವಳು ಪೊರಕೆ ಹಿಡಿದೇ ನಿಂತಳು. ನಾಲ್ಕು ಬೆರಳಿಟ್ಟು ಮತ್ತೆ ನೋಡಿದಳು. ಒಂದು ಕಾಲದಲ್ಲಿ ಇಪ್ಪತ್ತೆರಡು ಚೌಕವಿದ್ದಿರಬಹುದಾದ ಹೆಂಗಸು. ಈ ವರ್ಷ ತೀರ ಸಣ್ಣಗಾಗಿದ್ದರು, ಮಲಗಿದರೆ ಹೀಗೆಯೇ ಮುದುಡಿ ಮಲಗುತ್ತಿದ್ದರು. ದಿನವೂ ಕಂಡದ್ದೇ, ಆದರೆ ಅಳತೆಯ ಕಣ್ಣಿನಿಂದ ಕಂಡಿರಲಿಲ್ಲ. ಹದಿನೇಳು. ಅತ್ತೆಯೂ ಹದಿನೇಳು.

ಅವಳು ಪೊರಕೆ ಕೆಳಗಿಟ್ಟಳು. ಗೋಡೆಗೊರಗಿ ಕೂತಳು. ಇದು ಅತ್ತೆಗೆ. ತಮಗೇ ಎಳೆದುಕೊಂಡ ಗೆರೆಗಳಿವು. ಮಗಳಿಗಲ್ಲ, ಮಗಳಿಗಲ್ಲ. ನಗು ಬಂದೇಬಿಟ್ಟಿತು, ಸೆರಗು ಬಾಯಿಗೆ ಒತ್ತಿಕೊಂಡಳು. ಹೊದಿಸಿದ್ದನ್ನು ಅವರ ಮೈಮೇಲಿಂದ ಎತ್ತಿಕೊಂಡು, ಬೇರೆ ಕಂಬಳಿ ತಂದು ಹಾಕಿದಳು. ಆಗಲೇ ಕೂತು ಸೂಜಿಗೆ ದಾರ ಪೋಣಿಸಿದಳು. ಮನೆ ಅರ್ಧ ಗುಡಿಸಿದ್ದು ಹಾಗೇ ಉಳಿಯಿತು.

ಅವಳ ಕೈಗೆ ಅಷ್ಟು ಓಟವಿದೆಯೆಂದು ಅವಳಿಗೇ ಗೊತ್ತಿರಲಿಲ್ಲ. ಒಂದೇ ದಿನಕ್ಕೆ ಐದು ಪಟ್ಟಿ. ಉದ್ದ ಹೊಲಿಗೆಗಳು ಅಡ್ಡ ಹೊಲಿಗೆಗಳ ಕೈ ಹಿಡಿಯುತ್ತಿದ್ದಂತೆ ಬಿಳಿ ಬಟ್ಟೆಯ ಮೇಲೆ ಕೆಂಪು ಮೆಟ್ಟಿಲುಗಳು ಎದ್ದವು. ಮೆಟ್ಟಿಲು ಏರಿ, ಇಳಿದು, ತಿರುಗಿ ಒಂದು ಮುಚ್ಚಿದ ಚೌಕದೊಳಗೆ ಹೋಗಿ ನಿಂತವು. ಮಗಳು ತಿದ್ದಿದ ಸಾಲುಗಳೂ ಎಲ್ಲಿ ಸೇರಬೇಕೋ ಅಲ್ಲೇ ಸೇರಿದವು. ಚಂದವಿತ್ತು. ಇಷ್ಟು ಚಂದದ್ದನ್ನು ತಾನೆಂದೂ ಹೊಲಿದಿರಲಿಲ್ಲ ಎಂದುಕೊಂಡಳು. ಸಾರಿಗೆ ಉಪ್ಪು ಮರೆತಳು.

"ಅಮ್ಮ, ಹಾಡು ಗುನುಗ್ತಿದೀಯಾ" ಎಂದಳು ಉಂಡೆ.

"ಹೌದಾ?"

"ಹೂಂ. ಬಹಳ ದಿನ ಆಗಿತ್ತು."

ಎರಡನೇ ದಿನ ಗಂಡ ಊಟಕ್ಕೆ ಕೂತವನು ಅವಳ ಕೈಯ ವೇಗ ನೋಡಿದ. ಮೂಲೆಯಲ್ಲಿ ಮುದುಡಿ ಮಲಗಿದ್ದ ತಾಯಿಯನ್ನು ನೋಡಿದ. ಕೌದಿ ನೋಡಿದ. ಅವನ ಮುಖದಲ್ಲಿ ಏನೋ ಕೂಡಿ ಕಳೆದು ಕೊನೆಗೆ ಬಂದು ನಿಂತದ್ದು ಅವಳಿಗೆ ಕಾಣಿಸಿತು.

"ನಿಧಾನಕ್ಕೆ ಹೊಲಿ" ಎಂದ.

"ಇಷ್ಟು ದಿನ ನಿಧಾನಕ್ಕೇ ಹೊಲಿದೆನಲ್ಲ."

"ಈಗಲೂ ಹೊಲಿ. ನನ್ನಮ್ಮ ಕಣೇ ಅವಳು."

ಅವಳ ಸೂಜಿ ನಿಂತಿತು. "ಉಂಡೆ ನನ್ನ ಮಗಳಲ್ವಾ?" ಎಂದಳು, ತಗ್ಗಿದ ದನಿಯಲ್ಲಿ.

ಅವನು ತಟ್ಟೆ ಸರಿಸಿ ಎದ್ದ. ಕೈ ತೊಳೆದ ಸದ್ದು ಬಹಳ ಹೊತ್ತು ಕೇಳಿಸುತ್ತಿತ್ತು. ಬಾಗಿಲ ಬಳಿ ಬಂದಾಗ ಅತ್ತೆ ತಲೆ ಎತ್ತಿ, "ಕಂಡಕ್ಟರೇ, ನನ್ನ ಮಗ?" ಎಂದರು. ಅವತ್ತು ಅವನಿಗೆ ಮುಂದಿನ ಬಸ್ಸು ಹೊಳೆಯಲಿಲ್ಲ. "ಇಲ್ಲೇ ಇದೀನಿ ಅಮ್ಮ" ಎಂದುಬಿಟ್ಟ. ಅತ್ತೆ ಅವನನ್ನು ಅಪನಂಬಿಕೆಯಿಂದ ನೋಡಿ ಮುಖ ತಿರುಗಿಸಿದರು.

ಅವಳು ಆ ರಾತ್ರಿ ಸರಿಯಾಗಿ ನಿದ್ದೆ ಮಾಡಲಿಲ್ಲ. ಆದರೂ ಬೆಳಗ್ಗೆ ಎದ್ದು ಕೂತಾಗ ಕೈ ನಿಧಾನಿಸಲಿಲ್ಲ. ಅತ್ತೆ ತನಗೆ ಮೊದಲು ಸೂಜಿ ಹಿಡಿಯಲು ಕಲಿಸಿದ್ದು, ಬಾಣಂತನದಲ್ಲಿ ತನ್ನ ಕಾಲು ಒತ್ತಿದ್ದು, ನಾದಿನಿ ಹೋದಮೇಲೆ ತನ್ನ ತೋಳು ಹಿಡಿದೇ ನಡೆದಾಡಿದ್ದು, ಎಲ್ಲ ಒಂದೊಂದಾಗಿ ನೆನಪಿಗೆ ಬಂತು. ಒಂದೊಂದು ನೆನಪಿಗೂ ಸೂಜಿ ಒಂದೊಂದು ಸಲ ಮೇಲೆ ಬಂತು, ಕೆಳಗೆ ಹೋಯಿತು. ನಡುವೆ ಎಲ್ಲೋ ತಾನು ಮನಸ್ಸಿನಲ್ಲೇ ಇದು ಅತ್ತೆಗೆ, ಇದು ಅತ್ತೆಗೆ ಎಂದು ಒಂದೇ ಸಮನೆ ಹೇಳಿಕೊಳ್ಳುತ್ತಿರುವುದು ತಿಳಿಯಿತು. ಎಷ್ಟು ಹೊತ್ತಿನಿಂದ ಹೇಳಿಕೊಳ್ಳುತ್ತಿದ್ದಳೋ. ತಿಳಿದ ಮೇಲೂ ನಿಲ್ಲಿಸಲಿಲ್ಲ.

ನಾಲ್ಕನೇ ದಿನ ಭಾನುವಾರ. ಬೆಳಗಿನ ಬಿಸಿಲು ಕಿಟಕಿಯಿಂದ ನೆಲಕ್ಕಿಳಿದು ಬಟ್ಟೆಯ ತುದಿ ಮುಟ್ಟಿತ್ತು. ಉಳಿದದ್ದು ಒಂದೇ ಪಟ್ಟಿ, ಅದರಲ್ಲೂ ಮೂರು ಸಾಲು ಮುಗಿದಿತ್ತು. ಗಂಡ ಪೇಪರ್ ಹಿಡಿದು ಮೆಟ್ಟಿಲ ಮೇಲೆ ಕೂತಿದ್ದ, ಬಹಳ ಹೊತ್ತಿನಿಂದ ಅದೇ ಪುಟ. ಅತ್ತೆ ಎದ್ದಿರಲಿಲ್ಲ. ದಿನದಂತೆ ಮುದುಡಿ ಮಲಗಿ, ಕಣ್ಣು ಮಾತ್ರ ತೆರೆದುಕೊಂಡು ಸೂಜಿ ಹೋಗಿ ಬರುವುದನ್ನು ನೋಡುತ್ತಿದ್ದರು.

ಉಂಡೆ ಹಲ್ಲುಜ್ಜಿ ಬಂದಳು. ಬಾಯಿ ಸುತ್ತ ಇನ್ನೂ ಬಿಳಿ ನೊರೆ. ಬಂದವಳು ತಾಯಿಯ ಬಳಿ ಕೂರಲಿಲ್ಲ. ಕೌದಿಯ ಆಚೆ ಬದಿಗೆ ಹೋಗಿ ನೆಲದ ಮೇಲೆ ಉದ್ದಕ್ಕೆ ಮಲಗಿದಳು, ಕೈಗಳನ್ನು ಮೈಗೆ ಅಂಟಿಸಿ, ಅಳತೆಗೆ ಮಲಗುವವರ ಹಾಗೆ. ತಲೆ ಮೊದಲ ಗೆರೆಗೆ, ಕಾಲು ಕೊನೆಯ ಗೆರೆಗೆ. ಕತ್ತೆತ್ತಿ ಎರಡೂ ಕಡೆ ನೋಡಿ ಸರಿ ಮಾಡಿಕೊಂಡಳು. ಈಚೆ ಬದಿಯಲ್ಲಿ ಅಜ್ಜಿ, ಆಚೆ ಬದಿಯಲ್ಲಿ ಮೊಮ್ಮಗಳು, ನಡುವೆ ಹಾಸಿದ ಬಟ್ಟೆ. ಇಬ್ಬರ ಹಿಮ್ಮಡಿಯೂ ಒಂದೇ ಗೆರೆಯ ಮೇಲೆ ಬಂದಿತ್ತು.

ಅವಳ ಸೂಜಿ ಬಟ್ಟೆಯೊಳಗೆ ಅರ್ಧ ಇಳಿದು ನಿಂತಿತು. ಮೆಟ್ಟಿಲ ಮೇಲೆ ಪೇಪರ್ ಮಡಚಿದ ಸದ್ದಾಯಿತು. ಅತ್ತೆ ಕತ್ತು ಹೊರಳಿಸಿ, ಸೊಸೆ ಏನು ಹೇಳುತ್ತಾಳೋ ಎಂದು ಕಾಯುವವರಂತೆ ಅವಳ ಮುಖವನ್ನೇ ನೋಡತೊಡಗಿದರು. ಆ ಕಣ್ಣು ಮತ್ತೆ ತಿಳಿಯಾಗಿತ್ತು.

ಉಂಡೆ ಅಜ್ಜಿಯನ್ನೊಮ್ಮೆ ನೋಡಿ, ತಾಯಿಯ ಕಡೆ ತಿರುಗಿದಳು.

"ಅಮ್ಮ, ಇದು ಯಾರಿಗೆ? ನನಗಾ, ಅಜ್ಜಿಗಾ?"